ದುಃಖವೂ ದೇಹದ ಮುಪ್ಪೂ

ಮನುಷ್ಯನಿಗೆ ಎರಡು ವಯಸ್ಸುಗಳುಂಟು. ಹುಟ್ಟಿದ ದಿನದಿಂದ ಪಂಚಾಂಗವು ಎಣಿಸುತ್ತ ಬಂದ ವಯಸ್ಸು ಒಂದು. ದೇಹವು ತನ್ನಷ್ಟಕ್ಕೆ ತಾನು ಸವೆದು ತೋರಿಸುವ ವಯಸ್ಸು ಇನ್ನೊಂದು. ನೆಮ್ಮದಿಯಿಂದ ಬಾಳಿದ ಎಪ್ಪತ್ತರ ಮುದುಕನು ಕೋಲು ಹಿಡಿಯದೆ ಹೊಲದ ಬದುವಿನ ಮೇಲೆ ನಡೆದುಹೋಗುವದನ್ನೂ, ಮಗನನ್ನು ಕಳೆದುಕೊಂಡ ನಲವತ್ತರ ತಾಯಿಯು ಒಂದೇ ವರ್ಷದಲ್ಲಿ ಹಣ್ಣುಹಣ್ಣಾಗಿ ಗೋಡೆ ಹಿಡಿದು ಏಳುವದನ್ನೂ ನಾವೆಲ್ಲರೂ ಕಂಡವರೇ. “ಆ ಏಟಿನಿಂದ ಅವರು ಒಮ್ಮೆಲೆ ಮುಪ್ಪಾದರು” ಎಂದು ನಮ್ಮ ಮನೆಗಳಲ್ಲಿ ಆಡಿಕೊಳ್ಳುವದುಂಟು. ಚಿತೆಗೂ ಚಿಂತೆಗೂ ಒಂದೇ ಸೊನ್ನೆಯ ಅಂತರ, ಚಿತೆಯು ಸತ್ತವರನ್ನು ಸುಟ್ಟರೆ ಚಿಂತೆಯು ಬದುಕಿದವರನ್ನು ಸುಡುತ್ತದೆ ಎಂಬ ನುಡಿಯೂ ಬಹಳ ಹಳೆಯದು. ಹಿರಿಯರು ಕಣ್ಣಿನಿಂದ ಕಂಡು ಹೇಳಿದ ಈ ಮಾತನ್ನು ವಿಜ್ಞಾನಿಗಳು ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಜೀವಕೋಶಗಳ ಒಳಹೊಕ್ಕು ಅಳೆದು ನೋಡಿದ್ದಾರೆ. ಅವರು ಕಂಡುಕೊಂಡದ್ದೇನು, ಅದರಿಂದ ಸಂಸಾರಸ್ಥರಾದ ನಾವು ಅರಿಯತಕ್ಕದ್ದೇನು ಎಂಬದನ್ನು ನಮ್ಮ ರಾಯಚೂರು ಸೀಮೆಯ ಅನುಭವವನ್ನು ಮುಂದಿಟ್ಟುಕೊಂಡು ವಾಚಕರಿಗೆ ಬಿನ್ನವಿಸಬೇಕೆಂದಿದ್ದೇವೆ.

ಈ ವಿಷಯಕ್ಕೆ ರಾಯಚೂರು ಸೀಮೆಯನ್ನೇ ಏಕೆ ಆರಿಸಿದಿರೆಂದು ಕೆಲವರು ಕೇಳಬಹುದು. ಉತ್ತರದಲ್ಲಿ ಕೃಷ್ಣೆ, ದಕ್ಷಿಣದಲ್ಲಿ ತುಂಗಭದ್ರೆ. ಎರಡು ಮಹಾನದಿಗಳ ನಡುವೆ ಇದ್ದೂ ಈ ನಾಡು ನೀರಿಗೆ ಹಂಬಲಿಸಿದೆ, ನೀರಿನಿಂದಲೇ ನೊಂದಿದೆ. ದೇವದುರ್ಗವು ಕೃಷ್ಣೆಯ ಕಡೆಗೆ, ಮಾನ್ವಿಯು ತುಂಗಭದ್ರೆಯ ಕಡೆಗೆ, ನಡುವೆ ಕೋಟೆಯ ಊರಾದ ರಾಯಚೂರು. ಈ ನೆಲಕ್ಕಾಗಿ ಅರಸರು ಶತಮಾನಗಳ ಕಾಲ ಕಾದಾಡಿದರು. ೧೫೨೦ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಆದಿಲಶಾಹಿಗೂ ನಡೆದ ಯುದ್ಧವನ್ನು ಶಾಲೆಯ ಮಕ್ಕಳೂ ಬಲ್ಲರು. ಧಾತು-ಈಶ್ವರ ಸಂವತ್ಸರಗಳ, ಅಂದರೆ ೧೮೭೬–೭೮ರ ಮಹಾಕ್ಷಾಮವು ದಕ್ಷಿಣ ದೇಶವನ್ನೆಲ್ಲ ಸುಟ್ಟಿತು. ನಿಜಾಮನ ಸಂಸ್ಥಾನವು ಕೊನೆಗೊಂಡ ೧೯೪೮ರ ಆಗುಹೋಗುಗಳಲ್ಲಿ ಮನೆಮಾರು ಬಿಟ್ಟು ಪ್ರಾಣ ಉಳಿಸಿಕೊಳ್ಳಲು ಓಡಿದವರ ಕಥೆಗಳು ಈ ಭಾಗದ ಹಿರಿಯರ ಬಾಯಲ್ಲಿ ಉಳಿದು ಬಂದಿವೆ. ಈಚೆಗೆ, ೨೦೨೩ರಲ್ಲಿ, ಮಳೆ ಕೈಕೊಟ್ಟು ರಾಜ್ಯದ ೨೩೬ ತಾಲೂಕುಗಳ ಪೈಕಿ ೨೨೩ ತಾಲೂಕುಗಳನ್ನು ಸರಕಾರವು ಬರಪೀಡಿತವೆಂದು ಸಾರಿತು. ಬರ ಬಂದಿತೆಂದರೆ ದೇವದುರ್ಗದ ಕಡೆಯ ಎಷ್ಟೋ ಸಂಸಾರಗಳು ಮನೆಗೆ ಬೀಗ ಹಾಕಿ, ಮುದುಕರನ್ನೂ ಕೆಲವು ವೇಳೆ ಮಕ್ಕಳನ್ನೂ ಹಿಂದೆ ಬಿಟ್ಟು, ಬೆಂಗಳೂರಿಗೋ ಬೇರೆ ದೂರದ ಊರುಗಳಿಗೋ ಗುಳೆ ಹೋಗುತ್ತವೆ. ಡಾಕ್ಟರ್ ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ಅತ್ಯಂತ ಹಿಂದುಳಿದವೆಂದು ಎಣಿಸಿದ ೩೯ ತಾಲೂಕುಗಳಲ್ಲಿ ದೇವದುರ್ಗವೂ ಒಂದಾಗಿತ್ತು.

ಬರದ ಮಾತು ಹೀಗಾದರೆ ನೆರೆಯ ಮಾತು ಇನ್ನೊಂದು. ೨೦೦೯ರ ಸೆಪ್ಟೆಂಬರ್ ಕೊನೆಯಲ್ಲಿ ಮೊದಲಾದ ಮಳೆಯು ನಾಲ್ಕೈದು ದಿನಗಳಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿತು. ಅಕ್ಟೋಬರ್ ೨ರಂದು ತುಂಗಭದ್ರೆಯು ಮಂತ್ರಾಲಯವನ್ನೇ ಹೊಕ್ಕಳು. ಈಚೆಯ ದಂಡೆಯ ಮೇಲಿದ್ದ ಮಾನ್ವಿ ಮತ್ತು ರಾಯಚೂರು ತಾಲೂಕುಗಳ ಹಳ್ಳಿಗಳ ಗತಿಯನ್ನು ಬೇರೆ ಹೇಳಬೇಕಾಗಿಲ್ಲ. ರಾಜ್ಯದಲ್ಲಿ ಇನ್ನೂರಕ್ಕೂ ಮಿಕ್ಕಿ ಜನರು ಮಡಿದರು. ಮಣ್ಣಿನ ಗೋಡೆಯ ಮನೆಗಳು ಲೆಕ್ಕವಿಲ್ಲದಷ್ಟು ಕುಸಿದವು. ಆ ಮೇಲೆ ‘ಆಸರೆ’ ಎಂಬ ಹೆಸರಿನಿಂದ ಹೊಸ ಊರುಗಳನ್ನು ಕಟ್ಟಿಸುವ ಕಾರ್ಯವು ನಡೆಯಿತು. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆಯ ಸರದಿ. ನಾರಾಯಣಪುರದ ಅಣೆಕಟ್ಟಿನಿಂದ ಬಿಟ್ಟ ನೀರಿನ ಕೆಳಗೆ ದೇವದುರ್ಗದ ಬಳಿಯ ಹೂವಿನಹೆಡಗಿಯ ಸೇತುವೆಯು ಮುಳುಗಿ ಆಚೆ ಈಚೆಯ ಊರುಗಳ ಸಂಪರ್ಕವು ಕಡಿಯಿತು.

ನೆರೆ ಇಳಿದ ಮೇಲೆ ಗ್ರಾಮಲೆಕ್ಕಿಗನು ಬಂದು ಬಿದ್ದ ಮನೆ ಎಷ್ಟು, ಸತ್ತ ದನ ಎಷ್ಟು, ಕೊಚ್ಚಿಹೋದ ಪೈರು ಎಷ್ಟು ಎಕರೆ ಎಂದು ಬರೆದುಕೊಂಡು ಹೋಗುವನಷ್ಟೆ. ಆದರೆ ಆ ರಾತ್ರಿ ಮಾಳಿಗೆಯ ಮೇಲೆ ಮಕ್ಕಳನ್ನು ಅಪ್ಪಿಕೊಂಡು ಕುಳಿತಿದ್ದ ತಾಯಿಯ ದೇಹದೊಳಗೆ ಆದ ನಷ್ಟಕ್ಕೆ ಯಾವ ಕಾಗದದಲ್ಲಿಯೂ ಕಲಮು ಇರುವದಿಲ್ಲ. ಆ ನಷ್ಟವು ಬರಿಯ ಕಣ್ಣೀರಲ್ಲ, ಅದು ರಕ್ತಮಾಂಸಗಳಲ್ಲಿ ಆಗುವ ಸವೆತ ಎಂಬದೇ ಹೊಸ ಸಂಶೋಧನೆಗಳ ಸಾರಾಂಶವು.

ದೇಹವು ಭಯವನ್ನು ಹೇಗೆ ಎದುರಿಸುತ್ತದೆಂಬದನ್ನು ಮೊದಲು ತಿಳಿದುಕೊಳ್ಳೋಣ. ಹೊಲದಲ್ಲಿ ಹತ್ತಿ ಬಿಡಿಸುವಾಗ ಕಾಲ ಬಳಿ ಹಾವು ಕಂಡಿತೆನ್ನಿರಿ. ಯೋಚನೆಗೆ ಮುಂಚೆಯೇ ಎದೆ ಡವಡವ ಹೊಡೆದುಕೊಳ್ಳುತ್ತದೆ, ಉಸಿರು ಬಿರುಸಾಗುತ್ತದೆ, ಕಾಲು ತಾನಾಗಿಯೇ ಹಿಂದೆ ಜಿಗಿಯುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಸುರಿಸುವದರಿಂದ ಹೀಗಾಗುವದು. ಕೂಡಿಟ್ಟ ಸಕ್ಕರೆಯು ರಕ್ತಕ್ಕೆ ಇಳಿಯುತ್ತದೆ. ಜೀರ್ಣ, ನಿದ್ರೆ, ಗಾಯ ಮಾಯುವಿಕೆ ಮುಂತಾದ ಅವಸರವಿಲ್ಲದ ಕೆಲಸಗಳು ಬದಿಗೆ ಸರಿಯುತ್ತವೆ. ಹಾವು ಹರಿದುಹೋದ ಮೇಲೆ ಎಲ್ಲವೂ ಮೊದಲಿನ ಸ್ಥಿತಿಗೆ ಬರುವದು. ಇದು ನಮ್ಮ ರಕ್ಷಣೆಗಾಗಿಯೇ ಇರುವ ಏರ್ಪಾಡು. ಒತ್ತಡಕ್ಕೆ ಒಳಗಾದ ದೇಹದ ಈ ಸಾಮಾನ್ಯ ವರ್ತನೆಯನ್ನು ಹಾನ್ಸ್ ಸೆಲ್ಯೆ ಎಂಬ ಶಾಸ್ತ್ರಜ್ಞನು ೧೯೩೬ರಲ್ಲಿ ಮೊದಲು ವಿವರಿಸಿದನು.

ಆದರೆ ಹಾವು ಹೋಗದೆ ಮನೆಯಲ್ಲಿಯೇ ನೆಲೆಸಿದರೆ? ಪ್ರತಿ ಮಳೆಗೂ ನದಿಯ ಸದ್ದು ಕಿವಿಯಲ್ಲಿ ಮೊರೆದರೆ? ಸಾಲ ಕೊಟ್ಟವನು ವಾರಕ್ಕೊಮ್ಮೆ ಬಾಗಿಲಲ್ಲಿ ನಿಂತರೆ? ಕುಡಿದು ಬರುವ ಗಂಡನ ಹೆಜ್ಜೆಯ ಸಪ್ಪಳಕ್ಕಾಗಿ ಮಕ್ಕಳು ಪ್ರತಿ ಸಂಜೆಯೂ ಕಿವಿಗೊಟ್ಟು ಕುಳಿತರೆ? ಆಗ ಆ ರಸಗಳು ಇಳಿಯುವದೇ ಇಲ್ಲ. ಸಂತೆಯ ದಿನ ಮಾತ್ರ ನೊಗ ಹೊರಬೇಕಾದ ಎತ್ತಿಗೆ ಹಗಲಿರುಳೂ ನೊಗ ಕಟ್ಟಿಯೇ ಇಟ್ಟರೆ ಹೆಗಲು ಹುಣ್ಣಾಗುವದು ಹೇಗೋ ಹಾಗೆ, ಕಾಪಾಡಲು ಬಂದ ಏರ್ಪಾಡೇ ದೇಹವನ್ನು ತಿನ್ನಲಾರಂಭಿಸುತ್ತದೆ. ರಕ್ತದ ಒತ್ತಡವು ಏರಿಯೇ ನಿಲ್ಲುವದು, ಸಕ್ಕರೆಯು ಹದ ತಪ್ಪುವದು, ನಿದ್ರೆ ಕೆಡುವದು, ಎಲ್ಲಿಯೂ ಗಾಯವಿಲ್ಲದಿದ್ದರೂ ದೇಹದೊಳಗೆ ಸಣ್ಣ ಉರಿಯೂತವು ಬೂದಿಯೊಳಗಿನ ಕೆಂಡದಂತೆ ಉಳಿಯುವದು. ಹೀಗೆ ಕೂಡುತ್ತ ಹೋಗುವ ಸವೆತಕ್ಕೆ ಬ್ರೂಸ್ ಮ್ಯಾಕ್ಯುವೆನ್ ಎಂಬ ವಿದ್ವಾಂಸನು ತನ್ನ ಸಹೋದ್ಯೋಗಿಯೊಡನೆ ೧೯೯೩ರಲ್ಲಿ ‘ಅಲೊಸ್ಟ್ಯಾಟಿಕ್ ಹೊರೆ’ ಎಂದು ಹೆಸರಿಟ್ಟನು. ಹೊರೆ ಎಂಬ ಮಾತು ಇಲ್ಲಿ ಸಾರ್ಥಕವಾಗಿದೆ.

ಈ ಹೊರೆಯ ಗುರುತು ಜೀವಕೋಶಗಳಲ್ಲಿಯೂ ಕಾಣುತ್ತದೆ. ನಮ್ಮ ಪ್ರತಿಯೊಂದು ಜೀವಕೋಶದೊಳಗೂ ಆನುವಂಶಿಕ ಗುಣಗಳನ್ನು ಹೊತ್ತ ವರ್ಣತಂತುಗಳಿವೆ. ಇಳಕಲ್ಲ ಸೀರೆಯ ಸೆರಗಿನ ತುದಿಯ ನೂಲು ಬಿಚ್ಚಿಹೋಗದಂತೆ ಗೃಹಿಣಿಯರು ಕುಚ್ಚು ಕಟ್ಟುವರಲ್ಲವೆ? ಹಾಗೆಯೇ ಪ್ರಕೃತಿಯು ಈ ತಂತುಗಳ ತುದಿಗೆ ಟೆಲೊಮಿಯರ್ ಎಂಬ ಕುಚ್ಚನ್ನು ಕಟ್ಟಿದೆ. ಕೋಶವು ಒಂದು ಎರಡಾಗುವಾಗಲೆಲ್ಲ ಈ ಕುಚ್ಚು ತುಸು ತುಸು ಸವೆಯುವದು. ತೀರ ಸವೆದಾಗ ಆ ಕೋಶವು ಮತ್ತೆ ಒಡೆದು ಹೆಚ್ಚಲಾರದೆ ಮುಪ್ಪಾಗುವದು. ಇದನ್ನು ಕಂಡುಹಿಡಿದ ಎಲಿಜಬೆತ್ ಬ್ಲಾಕ್‌ಬರ್ನ್, ಕ್ಯಾರಲ್ ಗ್ರೈಡರ್, ಜಾಕ್ ಶೋಸ್ತಾಕ್ ಎಂಬ ಮೂವರಿಗೆ ನೊಬೆಲ್ ಪಾರಿತೋಷಕವು ಸಾರಲ್ಪಟ್ಟದ್ದು ೨೦೦೯ರ ಅಕ್ಟೋಬರ್ ೫ರಂದು. ನಮ್ಮ ಸೀಮೆಯ ಜನರು ನೆರೆಯ ಕೆಸರಿನಲ್ಲಿ ಪಾತ್ರೆಪಗಡೆ ಹುಡುಕುತ್ತಿದ್ದ ವಾರವದು.

ಬ್ಲಾಕ್‌ಬರ್ನ್ ಅವರೂ ಎಲಿಸಾ ಎಪೆಲ್ ಅವರೂ ಸಂಗಡಿಗರೊಡನೆ ೨೦೦೪ರಲ್ಲಿ ಪ್ರಕಟಿಸಿದ ಒಂದು ಪರಿಶೋಧನೆಯು ತಾಯಂದಿರಿಗೆ ಸಂಬಂಧಿಸಿದ್ದು. ೫೮ ಮಂದಿ ತಾಯಂದಿರನ್ನು ಅವರು ಪರೀಕ್ಷಿಸಿದರು. ಅವರಲ್ಲಿ ಹಲವರು ಬಹುಕಾಲದ ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು. ತಮ್ಮ ಬಾಳು ಅತಿ ಹೆಚ್ಚು ಒತ್ತಡದ್ದೆಂದು ಹೇಳಿದ ತಾಯಂದಿರ ಟೆಲೊಮಿಯರುಗಳು, ಅತಿ ಕಡಿಮೆ ಒತ್ತಡವುಳ್ಳವರವುಗಳಿಗಿಂತ, ಕಡಿಮೆಯೆಂದರೂ ಹತ್ತು ವರ್ಷಗಳ ಮುಪ್ಪಿಗೆ ಸಮನಾಗುವಷ್ಟು ಗಿಡ್ಡವಾಗಿದ್ದವು. ರೋಗಿಷ್ಠ ಮಗುವಿನ ಆರೈಕೆಯಲ್ಲಿ ಕಳೆದ ವರ್ಷಗಳು ಹೆಚ್ಚಿದಷ್ಟೂ ಕುಚ್ಚು ಗಿಡ್ಡ. ಮನೆಯಲ್ಲಿ ಹಾಸಿಗೆ ಹಿಡಿದವರ ಸೇವೆ ಮಾಡುವ ಸೊಸೆಯನ್ನೋ ಮಗಳನ್ನೋ “ಅವಳಿಗೇನು, ಮನೆಯಲ್ಲಿಯೇ ಇರುತ್ತಾಳೆ” ಎಂದು ಹಗುರಾಗಿ ಆಡುವವರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಮುಪ್ಪನ್ನು ಅಳೆಯುವ ಇನ್ನೊಂದು ಸಾಧನವೂ ಈಗ ದೊರೆತಿದೆ. ಅಂಗಡಿಯವನು ಕಿರ್ದಿಯ ಪುಟದಲ್ಲಿ ಕೆಲವು ಬಾಬುಗಳ ಮುಂದೆ ಗುರುತು ಹಾಕುವಂತೆ, ದೇಹವು ತನ್ನ ವಂಶವಾಹಿ ಬರಹದ ಮೇಲೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳನ್ನು ಹಾಕುತ್ತದೆ. ಬರಹವು ಬದಲಾಗುವದಿಲ್ಲ, ಯಾವ ಭಾಗವನ್ನು ಓದಬೇಕು, ಯಾವದನ್ನು ಬಿಡಬೇಕೆಂಬದು ಮಾತ್ರ ಬದಲಾಗುವದು. ವಯಸ್ಸಾದಂತೆ ಈ ಗುರುತುಗಳು ಒಂದು ಕ್ರಮದಲ್ಲಿ ಬದಲಾಗುತ್ತವೆಂದು ಕಂಡು, ಸ್ಟೀವ್ ಹೊರ್ವಾತ್ ಎಂಬ ವಿಜ್ಞಾನಿಯು ೨೦೧೩ರಲ್ಲಿ ೩೫೩ ಸ್ಥಳಗಳ ಗುರುತುಗಳನ್ನು ಓದಿ ದೇಹದ ವಯಸ್ಸನ್ನು ಹೇಳುವ ಗಡಿಯಾರವನ್ನು ರಚಿಸಿದನು. ಆ ಮೇಲೆ ಇಂಥ ಗಡಿಯಾರಗಳು ಹಲವು ಬಂದಿವೆ. ಯುದ್ಧದಲ್ಲಿ ಘೋರವನ್ನು ಕಂಡು ಆ ನೆನಪಿನಿಂದ ಬಿಡುಗಡೆ ಹೊಂದದ ಸೈನಿಕರಲ್ಲಿ, ಬಾಲ್ಯದಲ್ಲಿ ಹಿಂಸೆಯನ್ನು ಉಂಡವರಲ್ಲಿ ಈ ಗಡಿಯಾರವು ತುಸು ಮುಂದೆ ಓಡಿರುವದು ಅನೇಕ ಪರಿಶೋಧನೆಗಳಲ್ಲಿ ಕಂಡುಬಂದಿದೆ.

ನೆರೆ, ಬಿರುಗಾಳಿಗಳ ಪರಿಣಾಮವನ್ನು ತೋರಿಸಿಕೊಟ್ಟದ್ದು ಒಂದು ಮಂಗಗಳ ಹಿಂಡು. ಅಮೇರಿಕೆಯ ಪೋರ್ಟೊ ರಿಕೊ ತೀರದ ಬಳಿ ಕಾಯೊ ಸಾಂಟಿಯಾಗೊ ಎಂಬ ಕಿರುದ್ವೀಪವಿದೆ. ಅಲ್ಲಿಗೆ ೧೯೩೮ರಲ್ಲಿ ನಮ್ಮ ಭಾರತದಿಂದಲೇ ಹಡಗಿನಲ್ಲಿ ಒಯ್ದ ಮಂಗಗಳ ಸಂತತಿಯು ಈಗಲೂ ವಾಸವಾಗಿದೆ. ೨೦೧೭ರ ಸೆಪ್ಟೆಂಬರಿನಲ್ಲಿ ‘ಮರಿಯಾ’ ಎಂಬ ಚಂಡಮಾರುತವು ಆ ದ್ವೀಪದ ಗಿಡಮರಗಳನ್ನು ಬೋಳಿಸಿಬಿಟ್ಟಿತು. ಬಿರುಗಾಳಿಯನ್ನು ಕಂಡ ಮಂಗಗಳ ರಕ್ತವನ್ನೂ ಅದಕ್ಕೆ ಮೊದಲೇ ತೆಗೆದಿಟ್ಟಿದ್ದ ರಕ್ತವನ್ನೂ ಹೋಲಿಸಿ ನೋಡಲಾಗಿ, ರೋಗವನ್ನೆದುರಿಸುವ ಕೋಶಗಳು ಸರಾಸರಿ ಎರಡು ವರ್ಷ ಹೆಚ್ಚಿನ ಮುಪ್ಪನ್ನು ತೋರಿದವು ಎಂದು ೨೦೨೨ರಲ್ಲಿ ಪ್ರಕಟವಾಯಿತು. ಮಂಗನ ಎರಡು ವರ್ಷವೆಂದರೆ ಮನುಷ್ಯನ ಏಳೆಂಟು ವರ್ಷಗಳಿಗೆ ಸಮ. ಆದರೆ ಎಲ್ಲ ಮಂಗಗಳೂ ಒಂದೇ ಅಳತೆಗೆ ಮುಪ್ಪಾಗಲಿಲ್ಲ ಎಂಬದನ್ನು ವಾಚಕರು ಗಮನಿಸಬೇಕು. ಇದರ ವಿಚಾರವನ್ನು ಮುಂದೆ ಹೇಳುವೆವು.

ಬರದ ವಿಷಯಕ್ಕೆ ಹಾಲೆಂಡಿನ ಹಸಿವಿನ ಚಳಿಗಾಲವೇ ದೊಡ್ಡ ದೃಷ್ಟಾಂತವು. ಎರಡನೆಯ ಮಹಾಯುದ್ಧದಲ್ಲಿ, ೧೯೪೪–೪೫ರಲ್ಲಿ, ಜರ್ಮನರು ಆಹಾರದ ಸಾಗಾಟವನ್ನು ತಡೆದುದರಿಂದ ಆ ದೇಶದ ಪಶ್ಚಿಮ ಭಾಗದ ಜನರಿಗೆ ಪಡಿತರವಾಗಿ ದೊರೆಯುತ್ತಿದ್ದ ಆಹಾರವು ದಿನಕ್ಕೆ ಸಾವಿರ ಕ್ಯಾಲೊರಿಗಿಂತಲೂ ಕೆಳಗಿಳಿಯಿತು. ಆಗ ಗರ್ಭದಲ್ಲಿದ್ದ ಶಿಶುಗಳು ಬೆಳೆದು ಅರುವತ್ತರ ಸಮೀಪಕ್ಕೆ ಬಂದಾಗ ಪರೀಕ್ಷಿಸಲಾಗಿ, ಆ ಹಸಿವಿನ ಗುರುತು ಅವರ ಮೀಥೈಲ್ ಬರಹದಲ್ಲಿ ಉಳಿದಿತ್ತೆಂದು ೨೦೦೮ರಲ್ಲಿ ತಿಳಿದುಬಂದಿತು. ಅವರು ಇತರರಿಗಿಂತ ಬೇಗ ಮುಪ್ಪಾಗುತ್ತಿದ್ದರೆಂದು ೨೦೨೪ರ ಪರಿಶೋಧನೆಯು ತೋರಿಸಿತು. ಹಾಲೆಂಡಿನ ಲೆಕ್ಕವನ್ನು ಹಾಗೆಯೇ ತಂದು ದೇವದುರ್ಗಕ್ಕೆ ಅಂಟಿಸಲಾಗದು. ಆದರೆ ಗರ್ಭದ ಧರ್ಮವು ಎಲ್ಲ ದೇಶಗಳಲ್ಲಿಯೂ ಒಂದೇ. ಬರಗಾಲದಲ್ಲಿ ಗುಳೆ ಹೋಗಿ, ಕಟ್ಟಡದ ಮಗ್ಗುಲ ತಗಡಿನ ಗುಡಿಸಲಲ್ಲಿ ಅರೆಹೊಟ್ಟೆಯಿಂದ ದಿನ ಕಳೆಯುವ ಬಸುರಿಯ ತಟ್ಟೆಗೆ ಬೀಳುವ ಒಂದೊಂದು ರೊಟ್ಟಿಯೂ ಇನ್ನೂ ಹುಟ್ಟದ ಕೂಸಿನ ಅರುವತ್ತನೆಯ ವರ್ಷದವರೆಗೆ ಸಲ್ಲುವ ಸಂಗತಿಯಾಗಿದೆ. ಬಸುರಿಯರ ಊಟ, ಅಂಗನವಾಡಿಯ ಆಹಾರ ಮುಂತಾದವುಗಳನ್ನು ಕೇವಲ ಧರ್ಮವೆಂದು ಎಣಿಸುವವರು ಈ ದೃಷ್ಟಿಯಿಂದ ನೋಡುವದು ಒಳ್ಳೆಯದು.

“ಮಕ್ಕಳಿಗೇನು ತಿಳಿಯುತ್ತದೆ, ಎರಡು ದಿನದಲ್ಲಿ ಮರೆಯುತ್ತವೆ” ಎಂಬದು ನಮ್ಮಲ್ಲಿ ಬಳಕೆಯ ಮಾತು. ಇದು ನಿಜವಲ್ಲ. ಅಮೇರಿಕೆಯಲ್ಲಿ ೧೯೯೫–೯೭ರ ಅವಧಿಯಲ್ಲಿ ೧೭,೦೦೦ಕ್ಕೂ ಮಿಕ್ಕ ಪ್ರೌಢರನ್ನು ಬಾಲ್ಯದ ಕಷ್ಟಗಳ ಬಗ್ಗೆ ಪ್ರಶ್ನಿಸಿದರು. ಹೊಡೆತ, ಅವಮಾನ, ಮನೆಯಲ್ಲಿ ಕುಡುಕತನ, ತಾಯಿಯ ಮೇಲಿನ ಹಿಂಸೆ ಇತ್ಯಾದಿಗಳನ್ನು ಹೆಚ್ಚು ಬಗೆಯಲ್ಲಿ ಅನುಭವಿಸಿದವರಲ್ಲಿ ಹೃದ್ರೋಗ, ಶ್ವಾಸಕೋಶದ ರೋಗ, ಖಿನ್ನತೆಗಳು ಹೆಚ್ಚಾಗಿ ಕಂಡವೆಂದು ೧೯೯೮ರಲ್ಲಿ ಫೆಲಿಟ್ಟಿ ಮತ್ತು ಆಂಡಾ ಮೊದಲಾದವರು ಪ್ರಕಟಿಸಿದರು. ಕೂಸು ಮಾತಿನಿಂದ ನೆನಪಿಡದಿದ್ದರೂ ಅದರ ದೇಹವು ನೆನಪಿಡುತ್ತದೆ. ತಂದೆತಾಯಿಗಳು ಗುಳೆ ಹೋದಾಗ ಅಜ್ಜಿಯ ಬಳಿ ಉಳಿದ ಮಗುವು ರಾತ್ರಿ ಬೆಚ್ಚಿಬಿದ್ದರೆ, ಶಾಲೆಯಲ್ಲಿ ಮಂಕಾಗಿ ಕುಳಿತರೆ, ಹಟಮಾರಿಯೆಂದು ಬೆತ್ತ ಎತ್ತುವ ಮೊದಲು ಮಾಸ್ತರರು ಒಂದು ಕ್ಷಣ ಯೋಚಿಸಬೇಕು.

ಇನ್ನು ಸಾಲದ ಬಾಧೆಯಿಂದ ಯಜಮಾನನು ಪ್ರಾಣವನ್ನೇ ಕಳೆದುಕೊಂಡ ಮನೆಗಳ ವಿಷಯ. ಇಂಥ ಮನೆಗಳು ನಮ್ಮ ಸೀಮೆಯಲ್ಲಿ ಇಲ್ಲದ ಮಾತಲ್ಲ. ಅಲ್ಲಿ ಉಳಿದ ಹೆಂಡತಿಗೆ ಒಂದೇ ದಿನ ನಾಲ್ಕು ಹೊರೆಗಳು ಬೀಳುತ್ತವೆ: ಗಂಡನ ಅಗಲಿಕೆ, ಗಂಡನ ಸಾಲ, ಮಕ್ಕಳ ಹೊಟ್ಟೆ, ಮತ್ತು ಜನರ ಬಾಯಿ. ಮೊದಲ ಮೂರನ್ನು ನೀಗುವದು ಕಷ್ಟ. ಆದರೆ ನಾಲ್ಕನೆಯದು ಕೇವಲ ನಾವು ಹೊರಿಸಿದ್ದು. ಶುಭಕಾರ್ಯಕ್ಕೆ ಅವಳನ್ನು ಕರೆಯದಿರುವದು, ಎದುರಿಗೆ ಬಂದಳೆಂದು ಮುಖ ತಿರುವುವದು, ಗಂಡನ ಸಾವಿಗೆ ಅವಳ ಕಾಲ್ಗುಣವೇ ಕಾರಣವೆಂದು ಪಿಸುಗುಟ್ಟುವದು ಇವೆಲ್ಲ ಕೇವಲ ಅವಿವೇಕವಲ್ಲ. ಅವಳ ಆಯುಷ್ಯಕ್ಕೆ ಕೈಹಾಕುವ ಕೆಲಸ ಎಂದೇ ನಾವು ತಿಳಿಯುತ್ತೇವೆ.

ಇಷ್ಟನ್ನು ಓದಿ ನೊಂದ ಮನೆಯವರು ಎದೆಗುಂದಬಾರದು. ಮೇಲೆ ಹೇಳಿದ ಅಳತೆಗಳೆಲ್ಲ ಬಹು ಜನರ ಸರಾಸರಿಗಳು, ಒಬ್ಬೊಬ್ಬರ ಹಣೆಬರಹವಲ್ಲ. ಒಂದೇ ನೆರೆಯನ್ನು ಕಂಡ ಇಬ್ಬರಲ್ಲಿ ಒಬ್ಬಳು ಕುಗ್ಗಿಹೋಗಬಹುದು, ಮತ್ತೊಬ್ಬಳು ಚೇತರಿಸಿಕೊಂಡು ನಿಲ್ಲಬಹುದು. ದುಃಖದೊಡನೆ ಹಸಿವು, ತಂಬಾಕು, ಮದ್ಯ, ನಿದ್ರೆಗೇಡು, ಬಡತನಗಳೂ ಸೇರಿಕೊಂಡಿರುವದರಿಂದ ಮುಪ್ಪಿನಲ್ಲಿ ಯಾವದರ ಪಾಲು ಎಷ್ಟೆಂದು ಬೇರ್ಪಡಿಸುವದು ಸುಲಭವಲ್ಲ. ದೇಹದ ವಯಸ್ಸನ್ನು ಹೇಳುವೆವೆಂದು ಹಣ ಕೀಳುವ ಪರೀಕ್ಷೆಗಳಿಗಾಗಲಿ, ಮುಪ್ಪನ್ನು ತಡೆಯುವೆವೆಂದು ಮಾರುವ ಗುಳಿಗೆಗಳಿಗಾಗಲಿ ಯಾರೂ ಮರುಳಾಗಬೇಕಾಗಿಲ್ಲ. ಆ ಹಣದಲ್ಲಿ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳುವದು ಮೇಲು.

ಅದಕ್ಕಿಂತ ದೊಡ್ಡ ಸಮಾಧಾನವು ಇನ್ನೊಂದಿದೆ. ಮುಂದೆ ಓಡಿದ ಗಡಿಯಾರವು ಹಿಂದಕ್ಕೂ ಬರುತ್ತದೆ. ಸೊಂಟದ ಎಲುಬು ಮುರಿದು ಅವಸರದ ಶಸ್ತ್ರಚಿಕಿತ್ಸೆಗೆ ಒಳಗಾದ ವೃದ್ಧರ ದೇಹದ ವಯಸ್ಸು ಆ ಹೊತ್ತಿಗೆ ಏರಿ ಕೆಲವೇ ದಿನಗಳಲ್ಲಿ ಮತ್ತೆ ಇಳಿಯಿತೆಂದೂ, ಬಸುರಿಯರಲ್ಲಿ ಏರಿದ್ದು ಹೆರಿಗೆಯ ಬಳಿಕ ಇಳಿಯಿತೆಂದೂ ೨೦೨೩ರಲ್ಲಿ ಪ್ರಕಟವಾದ ಪರಿಶೋಧನೆಯು ಹೇಳುತ್ತದೆ. ನರೆಗೂದಲ ವಿಷಯವೂ ಹೀಗೆಯೇ. ತೀವ್ರ ಒತ್ತಡಕ್ಕೆ ಗುರಿಯಾದ ಇಲಿಗಳ ಕೂದಲಿಗೆ ಬಣ್ಣ ಕೊಡುವ ಮೂಲಕೋಶಗಳು ಬರಿದಾಗುವವೆಂದು ೨೦೨೦ರಲ್ಲಿ ತಿಳಿದುಬಂದಿತು. ಮರುವರ್ಷವೇ ೧೪ ಮಂದಿ ಮನುಷ್ಯರ ಕೂದಲುಗಳನ್ನು ಸೂಕ್ಷ್ಮವಾಗಿ ಪರೀಕ್ಷಿಸಿದವರು, ಒತ್ತಡವು ತಗ್ಗಿದಾಗ ಕೆಲವು ನರೆತ ಕೂದಲುಗಳು ಮತ್ತೆ ಕಪ್ಪಾದದ್ದನ್ನು ಕಂಡರು. ಒಬ್ಬನ ಐದು ಕೂದಲುಗಳು ಅವನು ರಜೆಯಲ್ಲಿ ವಿಶ್ರಮಿಸಿದಾಗ ಬಣ್ಣ ತಿರುಗಿದವು. ತಲೆತುಂಬ ನರೆತದ್ದು ತಿರುಗುವದೆಂದು ಇದರ ಅರ್ಥವಲ್ಲ. ದೇಹವು ವಿಶ್ರಾಂತಿಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆಂಬದು ಮಾತ್ರ ಇದರಿಂದ ತಿಳಿಯುವದು.

ಹಾಗಾದರೆ ಮನೆಯಲ್ಲಿ ಮಾಡತಕ್ಕದ್ದೇನು? ಆಪತ್ತು ಕಳೆದು ಒಂದು ತಿಂಗಳಾದರೂ ನಿದ್ರೆ ಬಾರದಿರುವದು, ಅದೇ ಸಂಗತಿಯು ಕನಸಿನಲ್ಲಿ ಮರಳಿ ಮರಳಿ ಬರುವದು, ಸಣ್ಣ ಸದ್ದಿಗೂ ಬೆಚ್ಚುವದು, ಹೊಳೆಯ ಕಡೆಗೆ ಕಾಲಿಡಲೊಲ್ಲದಿರುವದು, ಕಾರಣವಿಲ್ಲದ ಸಿಟ್ಟು, ಹೊಸದಾಗಿ ಹತ್ತಿದ ಕುಡಿತ, ಬಾಳೇ ಬೇಡವೆಂಬ ಮಾತು ಇವುಗಳಲ್ಲಿ ಯಾವದು ಕಂಡರೂ ವೈದ್ಯರ ಬಳಿಗೆ ಹೋಗತಕ್ಕದ್ದು. ಬಾಳು ಬೇಡವೆಂಬ ಮಾತು ಬಂದರಂತೂ ತಿಂಗಳು ಕಾಯಬಾರದು, ಅಂದೇ ಹೋಗಬೇಕು. ನಮ್ಮ ಹೆಂಗಸರು “ಮನಸ್ಸು ಸರಿಯಿಲ್ಲ” ಎನ್ನುವದು ಅಪರೂಪ. ತಲೆ ಭಾರ, ಎದೆ ಉರಿ, ಕೈಕಾಲು ಸೋಲು ಎಂದೇ ಹೇಳುವರು. ಗುಳಿಗೆ ನುಂಗಿದರೂ ಬಿಡದ ಇಂಥ ನೋವಿನ ಹಿಂದೆ ಹಳೆಯ ಆಘಾತವಿರಬಹುದೆಂದು ಮನೆಯವರು ನೆನೆಯಬೇಕು.

ಚಿಕಿತ್ಸೆಯು ಬೆಂಗಳೂರಿನಲ್ಲಿ ಮಾತ್ರ ದೊರೆಯುವದೆಂದು ತಿಳಿಯಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೧೯೮೫ರಿಂದ ೧೯೯೦ರವರೆಗೆ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಶಿಕ್ಷಣ ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗಳ ಹತ್ತಿರಕ್ಕೆ ಒಯ್ಯುವ ಪ್ರಯೋಗವನ್ನು ನಡೆಸಿದರು. ಅದೇ ಮಾದರಿಯ ಮೇಲೆ ೧೯೯೬ರಿಂದ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಹಬ್ಬಿತು. ರಾಯಚೂರಿನಲ್ಲಿ ಸರಕಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ದೊಡ್ಡ ಆಸ್ಪತ್ರೆಯಿದೆ. ಮನೆಯಿಂದ ಹೊರಡಲಾರದವರಿಗೆ ೨೦೨೨ರ ಅಕ್ಟೋಬರ್ ೧೦ರಂದು ಮೊದಲಾದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯುಂಟು. ೧೪೪೧೬ ಎಂಬ ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿಗೂ ಹಣವಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಆಪ್ತರು ಮಾಡಬಹುದಾದ ಕೆಲಸವು ವೈದ್ಯರದಕ್ಕಿಂತ ಕಡಿಮೆಯದಲ್ಲ. ನೊಂದವರನ್ನು ಕೂರಿಸಿಕೊಂಡು “ಏನಾಯಿತು, ಹೇಗಾಯಿತು” ಎಂದು ಕೆದಕಿ ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೧ರ ತನ್ನ ಕೈಪಿಡಿಯಲ್ಲಿ ತಿಳಿಸಿದೆ. ಅವರಾಗಿ ಹೇಳಿದರೆ ಕೇಳಬೇಕು, ಹೇಳದಿದ್ದರೆ ಸುಮ್ಮನೆ ಬಳಿಯಲ್ಲಿರಬೇಕು. “ಮರೆತುಬಿಡು” ಎಂಬ ಉಪದೇಶದಿಂದ ಯಾರೂ ಏನನ್ನೂ ಮರೆತದ್ದಿಲ್ಲ. ಅದರ ಬದಲು ಎರಡು ರೊಟ್ಟಿ ಹೆಚ್ಚಿಗೆ ಬಡಿದು ಕಳಿಸುವದು, ಮಕ್ಕಳನ್ನು ಒಂದು ಹೊತ್ತು ತಮ್ಮ ಮನೆಯಲ್ಲಿ ಮಲಗಿಸಿಕೊಂಡು ಆ ತಾಯಿಗೆ ನಿದ್ರೆಗೆ ಅವಕಾಶ ಕೊಡುವದು, ಪರಿಹಾರದ ಕಾಗದಪತ್ರಗಳಿಗಾಗಿ ಕಚೇರಿಗೆ ಜತೆಯಲ್ಲಿ ಹೋಗುವದು ಇವೇ ನಿಜವಾದ ಉಪಕಾರಗಳು. ನಮ್ಮ ಹಳ್ಳಿಗಳ ಭಜನೆಯ ಮೇಳ, ಹಿಂದೂ-ಮುಸಲ್ಮಾನರು ಕೂಡಿ ಆಚರಿಸುವ ಅಲಾಯಿ ಹಬ್ಬ, ಸಂಜೆಯ ಕಟ್ಟೆಯ ಹರಟೆ ಇವುಗಳಿಗೆ ನೊಂದವರನ್ನು ಕೈಹಿಡಿದು ಕರೆದೊಯ್ಯಬೇಕು. ಹೊಸ ಊರನ್ನು ಕಟ್ಟುವಾಗ ಹಳೆಯ ಓಣಿಯವರನ್ನು ಹೊಸ ಓಣಿಯಲ್ಲಿಯೂ ಅಕ್ಕಪಕ್ಕದಲ್ಲಿಡುವದು ಅಧಿಕಾರಿಗಳಿಗೆ ಸಣ್ಣ ಮಾತಾಗಿ ಕಾಣಬಹುದು. ಅಲ್ಲಿ ಬಾಳುವವರಿಗೆ ಅದು ಗೋಡೆ, ಛಾವಣಿಗಳಷ್ಟೇ ಮುಖ್ಯವಾದದ್ದು.

ಮೇಲೆ ಹೇಳಿದ ಮಂಗಗಳ ವಿಚಾರವನ್ನು ಇಲ್ಲಿ ಪೂರ್ತಿ ಮಾಡುವೆವು. ಬಿರುಗಾಳಿಯು ಮರಗಳನ್ನು ಕೆಡವಿದ ಮೇಲೆ ಆ ದ್ವೀಪದಲ್ಲಿ ನೆರಳೆಂಬದು ದುರ್ಲಭವಾಯಿತು. ರಾಯಚೂರಿನ ಬೇಸಗೆಯನ್ನು ಬಲ್ಲವರಿಗೆ ನೆರಳಿನ ಬೆಲೆಯನ್ನು ಹೇಳಬೇಕಾಗಿಲ್ಲ. ಮೊದಲು ಒಂದನ್ನೊಂದು ಕಂಡರೆ ಹಲ್ಲು ಕಿರಿಯುತ್ತಿದ್ದ ಮಂಗಗಳು ಆಗ ಹೊಸ ಸ್ನೇಹಗಳನ್ನು ಮಾಡಿಕೊಂಡವು. ಉಳಿದ ನೆರಳಿನಲ್ಲಿ ಒಂದರ ಮಗ್ಗುಲಿಗೆ ಒಂದು ಕುಳಿತವು. ಮುಂದಿನ ವರ್ಷಗಳಲ್ಲಿ, ಇತರರನ್ನು ಹೆಚ್ಚಾಗಿ ಸೈರಿಸಿಕೊಂಡ ಮಂಗಗಳೇ ಹೆಚ್ಚಾಗಿ ಬದುಕಿ ಉಳಿದವೆಂದು ೨೦೨೪ರಲ್ಲಿ ಪ್ರಕಟವಾಗಿದೆ. ಕನ್ನಡದಲ್ಲಿ ಪ್ರವಾಹಕ್ಕೂ ನೆರೆಯೆನ್ನುತ್ತೇವೆ, ಪಕ್ಕದ ಮನೆಗೂ ನೆರೆಯೆನ್ನುತ್ತೇವೆ. ಮೊದಲನೆಯದು ಬರುವದನ್ನು ನಾವು ತಡೆಯಲಾರೆವು; ಎರಡನೆಯದಾಗಿ ನಿಲ್ಲುವದು ನಮ್ಮ ಕೈಯಲ್ಲಿದೆ.

ಕೃಷ್ಣೆ ತುಂಗಭದ್ರೆಯರು ಇನ್ನೂ ಉಕ್ಕುವರು, ಮಳೆ ಇನ್ನೂ ಕೈಕೊಡುವದು. ಮುಂದಿನ ಆಪತ್ತಿನಲ್ಲಿ ಬಿದ್ದ ಗೋಡೆಯನ್ನು ನೋಡಲು ಹೋದವರು ಗೋಡೆಯ ಪಕ್ಕದಲ್ಲಿ ಕುಳಿತವರ ಮುಖವನ್ನೂ ನೋಡಿ ಬರಲಿ. ಆರು ತಿಂಗಳ ಮೇಲೆ, ಎಲ್ಲರೂ ಮರೆತ ಹೊತ್ತಿನಲ್ಲಿ, ಇನ್ನೊಮ್ಮೆ ಹೋಗಿ ನಿದ್ರೆ ಬರುತ್ತಿದೆಯೇ ಎಂದು ಕೇಳಲಿ. ಮೇಲೆ ಕೊಟ್ಟ ೧೪೪೧೬ ಎಂಬ ಸಂಖ್ಯೆಯನ್ನು ವಾಚಕರು ಇಂದೇ ತಮ್ಮ ಮನೆಯ ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟುಕೊಳ್ಳಬೇಕೆಂದು ನಮ್ಮ ಪ್ರಾರ್ಥನೆ.